ಸಾಂಕ್ರಾಮಿಕ ರೋಗದ ಕಾಲದಲ್ಲಿ ರೈತ ಕುಟುಂಬದ ಆಯವ್ಯಯ ಮತ್ತು ಚಿಕಿತ್ಸೆ

ಬಿತ್ತುವ ಮುನ್ನ ಬೀಜೋಪಚಾರ ಮಾಡುವುದು ರೈತ ಬಾಂಧವರಿಗೆ ಹೊಸ ವಿಷಯವಲ್ಲ. ಬೆಳೆಗೆ ರೋಗ ತಗಲಿದ ಮೇಲೆ ಮಾಡುವ ಸಿಂಪರಣೆಗಿಂತ ಬೀಜಕ್ಕೆ ಹಚ್ಚುವ ಔಷಧದ ಖರ್ಚು ಬಹಳ ಕಡಿಮೆ. ಮನೆಯ ಹಣಕಾಸಿಗೂ ಇದೇ ಮಾತು ಅನ್ವಯಿಸುತ್ತದೆ. 2020 ಮತ್ತು 2021ರಲ್ಲಿ ಕೊರೋನಾ ಪಿಡುಗು ನಮ್ಮ ಹಳ್ಳಿಗಳನ್ನು ಹಾದುಹೋದಾಗ ಅನೇಕ ಕುಟುಂಬಗಳು ರೋಗದಿಂದ ಕೆಲವೇ ವಾರಗಳಲ್ಲಿ ಚೇತರಿಸಿಕೊಂಡವು. ಆದರೆ ಆ ವಾರಗಳಲ್ಲಿ ಮಾಡಿದ ಸಾಲ ಅಷ್ಟು ಬೇಗ ಬಿಡಲಿಲ್ಲ. ಹೀಗೇಕಾಯಿತು, ಮುಂದೆ ಇಂಥ ಕಾಲ ಬಂದರೆ ಮನೆಯನ್ನು ಹೇಗೆ ಉಳಿಸಿಕೊಳ್ಳಬೇಕು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಪಿಡುಗುಗಳು ನಮ್ಮ ನಾಡಿಗೆ ಹೊಸವಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಿತು. 1918ರ ಇನ್‌ಫ್ಲುಯೆಂಜಾ ಜ್ವರದಲ್ಲಿ ದೇಶದಾದ್ಯಂತ ಒಂದು ಕೋಟಿಗೂ ಮಿಕ್ಕಿ ಜನ ತೀರಿಕೊಂಡರು. ಪ್ಲೇಗಿನ ಕಾಲದಲ್ಲಿ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡ ಸಂಗತಿಯನ್ನು ನೀವು ಹಿರಿಯರ ಬಾಯಿಂದ ಕೇಳಿರಬಹುದು. ಕೊರೋನಾದಿಂದ ದೇಶದಲ್ಲಿ ಮೊದಲ ಸಾವು ಸಂಭವಿಸಿದ್ದು 2020ರ ಮಾರ್ಚ್‌ನಲ್ಲಿ, ನಮ್ಮ ಕಲಬುರಗಿಯಲ್ಲಿಯೇ. ಇನ್ನೊಂದು ಪಿಡುಗು ಬಾರದೆಂದು ಯಾರೂ ಹೇಳುವಂತಿಲ್ಲ. ಬರಗಾಲಕ್ಕೆ ಮೇವು ಕೂಡಿಡುವಂತೆ ಇದಕ್ಕೂ ಸಿದ್ಧತೆ ಬೇಕು.

ಸಾಮಾನ್ಯ ಕಾಯಿಲೆಗೂ ಪಿಡುಗಿಗೂ ಇರುವ ವ್ಯತ್ಯಾಸ

ಮನೆಯಲ್ಲಿ ಒಬ್ಬರು ಕಾಯಿಲೆ ಬಿದ್ದರೆ ಖರ್ಚು ಹೆಚ್ಚುತ್ತದೆ, ನಿಜ. ಆದರೆ ಉಳಿದವರ ದುಡಿಮೆ ನಡೆಯುತ್ತಿರುತ್ತದೆ. ಹಾಲು ಡೇರಿಗೆ ಹೋಗುತ್ತದೆ, ತರಕಾರಿ ಮಂಡಿಗೆ ಹೋಗುತ್ತದೆ. ಕೈಯಲ್ಲಿ ಹಣವಿಲ್ಲದಿದ್ದರೆ ಭಾವಮೈದುನನೋ ಪಕ್ಕದ ಮನೆಯವರೋ ಕೈಸಾಲ ಕೊಡುತ್ತಾರೆ. ಪಟ್ಟಣದಲ್ಲಿರುವ ಮಗ ನಾಲ್ಕು ಕಾಸು ಕಳಿಸುತ್ತಾನೆ.

ಪಿಡುಗಿನ ಕಾಲದಲ್ಲಿ ಹೀಗಾಗುವುದಿಲ್ಲ. ಆಗ ಮೂರು ಪೆಟ್ಟುಗಳು ಏಕಕಾಲದಲ್ಲಿ ಬೀಳುತ್ತವೆ.

1. ಮಾರುಕಟ್ಟೆ ಮತ್ತು ಕೂಲಿ ನಿಂತು ಆದಾಯ ಕುಸಿಯುತ್ತದೆ.
2. ಔಷಧ, ವಾಹನ, ಆಸ್ಪತ್ರೆ ಎಂದು ಖರ್ಚು ಏರುತ್ತದೆ.
3. ಸಾಲ ಕೊಡಬೇಕಾದ ನೆಂಟರಿಷ್ಟರೂ ಅದೇ ಕಷ್ಟದಲ್ಲಿರುವುದರಿಂದ ಕೈಸಾಲ ಹುಟ್ಟುವುದಿಲ್ಲ.

ಮೂರನೆಯ ಪೆಟ್ಟನ್ನು ನಾವು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಳ್ಳಿಯಲ್ಲಿ ಒಬ್ಬರಿಗೊಬ್ಬರು ಆಗುವುದೇ ನಮ್ಮ ದೊಡ್ಡ ವಿಮೆ. ಆದರೆ ಎಲ್ಲರ ಮನೆಗೂ ಒಂದೇ ದಿನ ಕಷ್ಟ ಬಂದಾಗ ಈ ವಿಮೆ ಕೆಲಸಕ್ಕೆ ಬರುವುದಿಲ್ಲ. ಆದುದರಿಂದ ಪಿಡುಗಿಗೆ ಬೇಕಾದ ಸಿದ್ಧತೆಯನ್ನು ಪ್ರತಿಯೊಂದು ಮನೆಯೂ ಮುಂಚಿತವಾಗಿಯೇ ಮಾಡಿಕೊಳ್ಳಬೇಕಾಗುತ್ತದೆ.

ಆದಾಯ ನಿಂತದ್ದು ಹೇಗೆ?

2020ರ ಮಾರ್ಚ್ 25ರಿಂದ ದೇಶದಾದ್ಯಂತ 21 ದಿನಗಳ ಲಾಕ್‌ಡೌನ್ ಜಾರಿಗೆ ಬಂದು ಮೇ ಅಂತ್ಯದವರೆಗೆ ಮುಂದುವರಿಯಿತು. ಹೂವು, ದ್ರಾಕ್ಷಿ, ಕಲ್ಲಂಗಡಿ, ಟೊಮ್ಯಾಟೊ ಕೊಯ್ಲಿಗೆ ಬಂದಿದ್ದ ಸಮಯ ಅದು. ಕೃಷಿ ಉತ್ಪನ್ನಗಳ ಸಾಗಣೆಗೆ ಅನುಮತಿ ಇದ್ದರೂ ಕೊಳ್ಳುವವರು ಇರಲಿಲ್ಲ. ಮದುವೆ, ಜಾತ್ರೆ, ಹೋಟೆಲು ಎಲ್ಲವೂ ನಿಂತಿದ್ದವು. ಹೂವು ಗಿಡದಲ್ಲಿಯೇ ಒಣಗಿತು. ಅನೇಕರು ಟೊಮ್ಯಾಟೊ ಹೊಲವನ್ನು ಉತ್ತುಬಿಟ್ಟರು.

ಮುಸುಕಿನ ಜೋಳದ ಸಂಗತಿ ಇನ್ನೂ ಬೋಧಪ್ರದವಾದುದು. ಕೋಳಿ ಮಾಂಸದಿಂದ ರೋಗ ಹರಡುತ್ತದೆಂಬ ಸುಳ್ಳು ಸುದ್ದಿ 2020ರ ಆರಂಭದಲ್ಲಿ ಹಬ್ಬಿತು. ಜನ ಕೋಳಿ ತಿನ್ನುವುದನ್ನು ಬಿಟ್ಟರು. ಕೋಳಿ ಸಾಕಣೆದಾರರು ನಷ್ಟಕ್ಕೆ ಸಿಕ್ಕಿ ಮೇವಿನ ಖರೀದಿ ಕಡಿಮೆ ಮಾಡಿದರು. ಆಗ ಮುಸುಕಿನ ಜೋಳದ ಬೆಲೆ ಕ್ವಿಂಟಲಿಗೆ ರೂ. 1,760ರ ಬೆಂಬಲ ಬೆಲೆಗಿಂತ ಬಹಳ ಕೆಳಗಿಳಿಯಿತು. ರೋಗ ಹಳ್ಳಿಗೆ ಕಾಲಿಡುವ ಮೊದಲೇ ಅದರ ಪೆಟ್ಟು ರೈತನ ಕಣಕ್ಕೆ ತಲುಪಿತ್ತು.

ರಾಜ್ಯ ಸರ್ಕಾರವು 2020ರಲ್ಲಿ ಹೂ ಬೆಳೆಗಾರರಿಗೆ ಒಂದು ಹೆಕ್ಟೇರಿನ ಮಿತಿಗೆ ಒಳಪಟ್ಟು ಹೆಕ್ಟೇರಿಗೆ ರೂ. 25,000 ಮತ್ತು ಮುಸುಕಿನ ಜೋಳ ಬೆಳೆದವರಿಗೆ ತಲಾ ರೂ. 5,000 ಪರಿಹಾರ ಘೋಷಿಸಿತು. 2021ರ ಎರಡನೆಯ ಅಲೆಯಲ್ಲಿ ಹೂವು, ಹಣ್ಣು, ತರಕಾರಿ ಬೆಳೆಗಾರರಿಗೆ ಹೆಕ್ಟೇರಿಗೆ ರೂ. 10,000 ಘೋಷಣೆಯಾಯಿತು. ದಾಖಲೆಯಲ್ಲಿ ಬೆಳೆ ನಮೂದಾಗದೆ ಹೋದವರು ಮತ್ತು ಗುತ್ತಿಗೆಗೆ ಜಮೀನು ಮಾಡುವವರು ಇಂಥ ಪರಿಹಾರ ಪಡೆಯುವುದು ಯಾವಾಗಲೂ ಕಷ್ಟ ಎಂಬುದನ್ನು ನೆನಪಿಡಬೇಕು.

ಈ ಎಲ್ಲದರ ನಡುವೆ ಹಾಲಿನ ಹಣ ಮಾತ್ರ ಹೆಚ್ಚುಕಡಿಮೆ ಬರುತ್ತಲೇ ಇತ್ತು. ಲಾಕ್‌ಡೌನ್ ಕಾಲದಲ್ಲಿಯೂ ಹಾಲು ಉತ್ಪಾದಕರ ಸಹಕಾರ ಸಂಘಗಳು ಹಾಲು ಕೊಳ್ಳುವುದನ್ನು ಮುಂದುವರಿಸಿದವು. ಹೆಚ್ಚುವರಿ ಹಾಲನ್ನು ಸರ್ಕಾರ ಕೊಂಡು ಬಡವರಿಗೆ ಹಂಚಿತು. ಎರಡು ಹಸು ಕಟ್ಟಿದ್ದ ಮನೆಗೆ ಆ ದಿನಗಳಲ್ಲಿ ಅದೇ ಆಧಾರವಾಯಿತು.

ಒಂದು ಮನೆಯ ಲೆಕ್ಕ

ವಿಷಯ ಸ್ಪಷ್ಟವಾಗಲೆಂದು ಒಂದು ಕುಟುಂಬವನ್ನು ಉದಾಹರಣೆಗೆ ಕಲ್ಪಿಸಿಕೊಳ್ಳೋಣ. ಎರಡು ಎಕರೆ ಜಮೀನು, ಎರಡು ಕರೆಯುವ ಹಸು, ಬೆಂಗಳೂರಿನ ಕಾರ್ಖಾನೆಯಲ್ಲಿ ದುಡಿಯುವ ಒಬ್ಬ ಮಗ. ನಿಮ್ಮ ಮನೆಯ ಅಂಕಿಗಳು ಬೇರೆ ಇರಬಹುದು. ಲೆಕ್ಕದ ರೀತಿ ಒಂದೇ.

ಆದಾಯ (ಮೊದಲ ಅಂಕಿ ಸಾಮಾನ್ಯ ತಿಂಗಳದು, ಎರಡನೆಯದು ಲಾಕ್‌ಡೌನ್ ತಿಂಗಳದು, ರೂಪಾಯಿಗಳಲ್ಲಿ)
ಹಾಲು, ಮೇವಿನ ಖರ್ಚು ಕಳೆದು: 6,000 — 5,000
ಬೆಳೆ, ತಿಂಗಳ ಸರಾಸರಿ: 5,000 — ಇಲ್ಲ
ಹೊರಗಿನ ಕೂಲಿ: 3,000 — ಇಲ್ಲ
ಮಗ ಕಳಿಸುವ ಹಣ: 4,000 — ಇಲ್ಲ
ಒಟ್ಟು: 18,000 — 5,000

ಖರ್ಚು
ಊಟ ಮತ್ತು ಮನೆವಾರ್ತೆ: 8,000 — 9,000
ಶಾಲೆ, ವಿದ್ಯುತ್ತು, ಪ್ರಯಾಣ ಮೊದಲಾದವು: 3,000 — 2,000
ಸಾಲದ ಕಂತು: 4,000 — ಮುಂದೂಡಿದೆ
ಔಷಧ: 1,000 — 1,500
ಒಟ್ಟು: 16,000 — 12,500

ಸಾಮಾನ್ಯ ತಿಂಗಳಲ್ಲಿ ಈ ಮನೆಗೆ ರೂ. 2,000 ಉಳಿಯುತ್ತದೆ. ಲಾಕ್‌ಡೌನ್ ತಿಂಗಳಲ್ಲಿ ರೂ. 7,500 ಕೊರತೆ ಬೀಳುತ್ತದೆ. ಕಾರ್ಖಾನೆ ಮುಚ್ಚಿ ಮಗ ಊರಿಗೆ ಬಂದಿದ್ದಾನೆ. ಅವನ ಹಣ ನಿಂತಿತು, ಉಣ್ಣುವ ಬಾಯಿ ಒಂದು ಹೆಚ್ಚಿತು. 2020ರ ಏಪ್ರಿಲ್‌ನಿಂದ ಪಡಿತರ ಚೀಟಿಯ ಮೇಲೆ ಪ್ರತಿ ವ್ಯಕ್ತಿಗೆ ತಿಂಗಳಿಗೆ 5 ಕಿಲೋ ಧಾನ್ಯ ಹೆಚ್ಚುವರಿಯಾಗಿ, ಉಚಿತವಾಗಿ ದೊರೆಯಿತು. ಇಲ್ಲವಾಗಿದ್ದರೆ ಊಟದ ಖರ್ಚು ಇನ್ನೂ ಏರುತ್ತಿತ್ತು.

ಮೂರು ತಿಂಗಳ ಕೊರತೆ ರೂ. 22,500. ಒಂದು ವರ್ಷದ ಉಳಿತಾಯ ರೂ. 24,000. ಅಂದರೆ ಒಂದು ಪೂರ್ತಿ ವರ್ಷದ ಉಳಿತಾಯವನ್ನು ಮುಟ್ಟದೆ ಇಟ್ಟಿದ್ದ ಮನೆ ಮಾತ್ರ ಮೂರು ತಿಂಗಳು ಸಾಲವಿಲ್ಲದೆ ದಾಟಿತು. ಇಷ್ಟರಲ್ಲಿ ಯಾರೊಬ್ಬರೂ ಆಸ್ಪತ್ರೆ ಸೇರಿಲ್ಲ ಎಂಬುದನ್ನು ಗಮನಿಸಿ.

ಒಂದೇ ಹಾಸಿಗೆ, ಎರಡು ದಾರಿ

ಈಗ ಮನೆಯ ಯಜಮಾನನಿಗೆ ರೋಗ ಬಂದು ಹತ್ತು ದಿನ ಆಸ್ಪತ್ರೆಯಲ್ಲಿರಬೇಕಾಯಿತು ಎನ್ನೋಣ. 2020ರ ಜೂನ್‌ನಲ್ಲಿ ರಾಜ್ಯ ಸರ್ಕಾರವು ಖಾಸಗಿ ಆಸ್ಪತ್ರೆಗಳಲ್ಲಿ ಕೊರೋನಾ ಚಿಕಿತ್ಸೆಗೆ ಎರಡು ಬಗೆಯ ದರ ಗೊತ್ತುಪಡಿಸಿತು. ಸರ್ಕಾರದ ಆರೋಗ್ಯಾಧಿಕಾರಿಗಳ ಮೂಲಕ ಬಂದ ರೋಗಿಗೆ ಸಾಮಾನ್ಯ ವಾರ್ಡಿನಲ್ಲಿ ದಿನಕ್ಕೆ ರೂ. 5,200, ವೆಂಟಿಲೇಟರ್ ಸಹಿತ ತೀವ್ರ ನಿಗಾ ಘಟಕದಲ್ಲಿ ರೂ. 10,000. ಈ ಹಣವನ್ನು ಸರ್ಕಾರವೇ ಆಸ್ಪತ್ರೆಗೆ ಕೊಡುತ್ತಿತ್ತು. ತಾನಾಗಿ ಬಂದು ಸೇರಿದ ರೋಗಿಗೆ ಇವೇ ಸೌಕರ್ಯಗಳಿಗೆ ದಿನಕ್ಕೆ ರೂ. 10,000 ಮತ್ತು ರೂ. 25,000ದ ಮಿತಿ. ಇದನ್ನು ರೋಗಿಯೇ ಕೊಡಬೇಕಾಗಿತ್ತು.

ಹಾಸಿಗೆ ಅದೇ, ವೈದ್ಯರು ಅವರೇ, ಕಾಯಿಲೆಯೂ ಅದೇ. ಬಂದ ದಾರಿ ಮಾತ್ರ ಬೇರೆ. ಸರ್ಕಾರಿ ಆಸ್ಪತ್ರೆಯ ಮೂಲಕ ಹೋದ ರೋಗಿಗೆ ಹಾಸಿಗೆಯ ಖರ್ಚಿಲ್ಲ. ಗಾಬರಿಯಿಂದ ನೇರವಾಗಿ ಖಾಸಗಿ ಆಸ್ಪತ್ರೆಯ ಬಾಗಿಲಿಗೆ ಹೋದವನಿಗೆ ಸಾಮಾನ್ಯ ವಾರ್ಡಿನಲ್ಲಿಯೇ ಹತ್ತು ದಿನಕ್ಕೆ ಒಂದು ಲಕ್ಷ ರೂಪಾಯಿ. ಇದು ನಮ್ಮ ಉದಾಹರಣೆಯ ಮನೆಯ ನಾಲ್ಕು ವರ್ಷಗಳ ಉಳಿತಾಯಕ್ಕಿಂತ ಹೆಚ್ಚು.

ಈ ದಾರಿಯ ಮಹತ್ವ ಪಿಡುಗಿಗೆ ಮಾತ್ರ ಸೀಮಿತವಲ್ಲ. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ಗ್ರಾಮಾಂತರದ ರೋಗಿಯೊಬ್ಬ ಒಮ್ಮೆ ಆಸ್ಪತ್ರೆ ಸೇರಿದರೆ ತಗಲುವ ಸರಾಸರಿ ವೈದ್ಯಕೀಯ ಖರ್ಚು ಸರ್ಕಾರಿ ಆಸ್ಪತ್ರೆಯಲ್ಲಿ ರೂ. 4,290, ಖಾಸಗಿಯಲ್ಲಿ ರೂ. 27,347. ಆಗ ಗ್ರಾಮಾಂತರ ಜನರಲ್ಲಿ ಯಾವುದಾದರೂ ಆರೋಗ್ಯ ವಿಮೆಯ ರಕ್ಷಣೆ ಇದ್ದವರು ಶೇಕಡ 14 ಮಾತ್ರ.

ನಮ್ಮ ರಾಜ್ಯದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನ ರೇಖೆಗಿಂತ ಕೆಳಗಿನ ಪಡಿತರ ಚೀಟಿ ಇರುವ ಕುಟುಂಬಕ್ಕೆ ವರ್ಷಕ್ಕೆ ರೂ. 5 ಲಕ್ಷದವರೆಗೆ ಚಿಕಿತ್ಸೆ ದೊರೆಯುತ್ತದೆ. ರೇಖೆಗಿಂತ ಮೇಲಿನ ಕುಟುಂಬಗಳಿಗೆ ನಿಗದಿತ ದರದ ಶೇಕಡ 30ರಷ್ಟನ್ನು, ವರ್ಷಕ್ಕೆ ರೂ. 1.5 ಲಕ್ಷದ ಮಿತಿಯಲ್ಲಿ ಸರ್ಕಾರ ಭರಿಸುತ್ತದೆ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆ ಚಿಕಿತ್ಸೆ ಇಲ್ಲದಿದ್ದರೆ ಅವರು ಶಿಫಾರಸು ಪತ್ರ ಕೊಟ್ಟು ನೋಂದಾಯಿತ ಆಸ್ಪತ್ರೆಗೆ ಕಳಿಸುತ್ತಾರೆ. ಯೋಜನೆಯಲ್ಲಿ ಗುರುತಿಸಿದ ತುರ್ತು ಸಂದರ್ಭಗಳಲ್ಲಿ ಪತ್ರದ ಅಗತ್ಯವಿಲ್ಲ.

ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಯೋಜನೆ ಪರಿಚಿತವಾದುದು. 2003ರಿಂದ ನಡೆದುಬಂದ ಈ ಯೋಜನೆಯನ್ನು 2018ರಲ್ಲಿ ಆರೋಗ್ಯ ಕರ್ನಾಟಕದೊಡನೆ ವಿಲೀನಗೊಳಿಸಲಾಯಿತು. ಹೀಗಾಗಿ ಪಿಡುಗಿನ ಎರಡು ವರ್ಷಗಳಲ್ಲಿ ಅದು ಪ್ರತ್ಯೇಕವಾಗಿ ಇರಲಿಲ್ಲ. 2023ರ ಜನವರಿಯಿಂದ ಪುನಃ ಜಾರಿಗೆ ಬಂದಾಗ ಗ್ರಾಮಾಂತರದ ನಾಲ್ವರ ಕುಟುಂಬಕ್ಕೆ ವರ್ಷದ ವಂತಿಗೆ ರೂ. 500 ಎಂದು ಗೊತ್ತುಮಾಡಲಾಯಿತು. ನೋಂದಣಿ ವರ್ಷದ ನಿಗದಿತ ಅವಧಿಯಲ್ಲಿ ಮಾತ್ರ ನಡೆಯುವುದರಿಂದ ದಿನಾಂಕವನ್ನು ನಿಮ್ಮ ಸಂಘದ ಕಾರ್ಯದರ್ಶಿಗಳಲ್ಲಿ ವಿಚಾರಿಸಿಕೊಳ್ಳಬೇಕು.

ಕಾರ್ಡು ಇದ್ದರೆ ಮಾತ್ರ ಸಾಲದು

ಹಣದ ವ್ಯವಸ್ಥೆ ಇದ್ದರೂ ಚಿಕಿತ್ಸೆ ಸಿಗದೆ ಹೋಗಬಹುದು ಎಂಬುದನ್ನು 2021ರ ಏಪ್ರಿಲ್-ಮೇ ತಿಂಗಳುಗಳು ತೋರಿಸಿಕೊಟ್ಟವು. ಆಗ ಹಾಸಿಗೆ, ಆಮ್ಲಜನಕ, ಔಷಧ ಎಲ್ಲದಕ್ಕೂ ಅಭಾವ. 2021ರ ಮೇ 2-3ರ ನಡುವೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ 24 ರೋಗಿಗಳು ಮೃತರಾದ ಘಟನೆ ರಾಜ್ಯವನ್ನೇ ನಡುಗಿಸಿತು.

ಇಂಥ ಕೊರತೆಯನ್ನು ಒಬ್ಬ ರೈತ ಸರಿಪಡಿಸಲಾರ. ಅದು ಆಡಳಿತದ ಹೊಣೆ. ಆದರೆ ತಡಮಾಡದಿರುವುದು ನಮ್ಮ ಕೈಯಲ್ಲಿದೆ. ಪರೀಕ್ಷೆ ಮಾಡಿಸಿದರೆ ಊರವರು ದೂರ ಇಡುತ್ತಾರೆಂದು ಹೆದರಿ ಜ್ವರವನ್ನು ಮುಚ್ಚಿಟ್ಟು, ಉಸಿರಾಟ ಕಷ್ಟವಾದ ಮೇಲೆ ರಾತ್ರೋರಾತ್ರಿ ಬಾಡಿಗೆ ಕಾರು ಹಿಡಿದವರು ಹಲವರು. ಬಸ್ಸು ನಿಂತಾಗ ಬಾಡಿಗೆಯೇ ದುಬಾರಿ. ಮೂರು ಆಸ್ಪತ್ರೆ ಸುತ್ತುವಷ್ಟರಲ್ಲಿ ಹಣವೂ ಹೋಯಿತು, ಹೊತ್ತೂ ಹೋಯಿತು. ಬೆರಳಿಗೆ ಸಿಕ್ಕಿಸುವ ಆಮ್ಲಜನಕ ಮಾಪಕದಲ್ಲಿ ಅಂಕಿ 94ಕ್ಕಿಂತ ಕೆಳಗಿಳಿದರೆ ಕಾಯದೆ ಆಸ್ಪತ್ರೆಗೆ ಹೋಗಬೇಕೆಂದು ವೈದ್ಯರು ಆಗ ಸಲಹೆ ನೀಡುತ್ತಿದ್ದರು. ಮಾಪಕವಿಲ್ಲದ ಮನೆಯವರು ಆಶಾ ಕಾರ್ಯಕರ್ತೆಯರ ನೆರವು ಪಡೆಯಬಹುದಾಗಿತ್ತು.

ಇತರ ಕಾಯಿಲೆಗಳನ್ನು ಮರೆಯಬಾರದು

ಎಲ್ಲರ ಗಮನವೂ ಒಂದೇ ರೋಗದ ಮೇಲಿದ್ದಾಗ ಉಳಿದ ರೋಗಗಳು ಸುಮ್ಮನಿರುವುದಿಲ್ಲ. ದೇಶದಲ್ಲಿ 2019ರಲ್ಲಿ ಸುಮಾರು 24 ಲಕ್ಷ ಕ್ಷಯರೋಗಿಗಳು ದಾಖಲಾಗಿದ್ದರೆ 2020ರಲ್ಲಿ ದಾಖಲಾದವರು ಸುಮಾರು 18 ಲಕ್ಷ ಮಾತ್ರ. ಕ್ಷಯವೇನೂ ಒಂದೇ ವರ್ಷದಲ್ಲಿ ಅಷ್ಟು ಕಡಿಮೆಯಾಗಲಿಲ್ಲ. ರೋಗಿಗಳು ಪರೀಕ್ಷೆಗೆ ಬರಲಾಗಲಿಲ್ಲ, ಅಷ್ಟೆ. ರಕ್ತದೊತ್ತಡ, ಸಕ್ಕರೆ ಕಾಯಿಲೆಯವರು ಮಾತ್ರೆ ಬಿಟ್ಟರು. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗಳು ಮುಂದಕ್ಕೆ ಹೋದವು. ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗಬೇಕಾದವರು ವಾಹನ ಸಿಗದೆ ಪರದಾಡಿದರು.

ಖರ್ಚು ಕಡಿತ ಮಾಡುವಾಗ ಮೊದಲು ಬಿಟ್ಟುಹೋಗುವುದು ಮನೆಯ ಹೆಂಗಸರ ಔಷಧ. "ನನಗೇನು, ಮುಂದಿನ ತಿಂಗಳು ನೋಡಿದರಾಯಿತು" ಎಂದು ತಾಯಿ ಹೇಳಿದರೆ ಉಳಿದವರು ಸುಮ್ಮನಾಗುತ್ತಾರೆ. ರಕ್ತದೊತ್ತಡದ ಮಾತ್ರೆಯಲ್ಲಿ ತಿಂಗಳಿಗೆ ಉಳಿಸಿದ ನೂರು ರೂಪಾಯಿ ಮುಂದೆ ಲಕ್ವ ಹೊಡೆದಾಗ ಲಕ್ಷವಾಗಿ ಹೋಗುತ್ತದೆ. ಇದು ಉಳಿತಾಯವಲ್ಲ.

ಸಾಲದ ಮೆಟ್ಟಿಲುಗಳು

ಹಣ ಸಾಲದೆ ಬಂದಾಗ ಕುಟುಂಬಗಳು ಸಾಮಾನ್ಯವಾಗಿ ಒಂದೊಂದೇ ಮೆಟ್ಟಿಲು ಇಳಿಯುತ್ತವೆ: ಮೊದಲು ಉಳಿತಾಯ, ಆಮೇಲೆ ಒಡವೆ ಗಿರವಿ, ಆಮೇಲೆ ಬಡ್ಡಿಯ ಕೈಸಾಲ, ಆಮೇಲೆ ಹಸು ಮಾರಾಟ, ಕಡೆಗೆ ಜಮೀನು. ಇಳಿಯುವುದು ಸುಲಭ, ಹತ್ತುವುದು ಕಷ್ಟ. ಗಾಬರಿಯಲ್ಲಿ ಈ ಕ್ರಮವೂ ತಪ್ಪುತ್ತದೆ. ಒಡವೆ ಒತ್ತೆಯಿಡಲು ನಾಚಿಕೊಂಡು ನೇರವಾಗಿ ಬಡ್ಡಿ ಸಾಲಕ್ಕೆ ಹೋಗುವವರುಂಟು.

ಒಂದು ಲಕ್ಷ ರೂಪಾಯಿಯನ್ನು ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯಂತೆ ತಂದರೆ ತಿಂಗಳ ಬಡ್ಡಿಯೇ ರೂ. 3,000. ನಮ್ಮ ಉದಾಹರಣೆಯ ಮನೆಗೆ ತಿಂಗಳಿಗೆ ಉಳಿಯುವುದು ರೂ. 2,000. ಬಡ್ಡಿಗೇ ಸಾಲದೆಂದ ಮೇಲೆ ಅಸಲು ತೀರುವ ಮಾತೆಲ್ಲಿ? ಅದೇ ಹಣವನ್ನು ಬ್ಯಾಂಕು ಅಥವಾ ಸಹಕಾರ ಸಂಘದಲ್ಲಿ ಒಡವೆಯ ಮೇಲೆ ವರ್ಷಕ್ಕೆ ಶೇಕಡ 10ರಂತೆ ಪಡೆದರೆ ತಿಂಗಳ ಬಡ್ಡಿ ಸುಮಾರು ರೂ. 833. ಇದನ್ನು ಕಟ್ಟಿ ಅಸಲನ್ನೂ ಸ್ವಲ್ಪ ಸ್ವಲ್ಪವಾಗಿ ಇಳಿಸಬಹುದು.

ಹಸು ಮಾರುವ ಮುನ್ನವೂ ಲೆಕ್ಕ ಹಾಕಿರಿ. ಎರಡು ಹಸುಗಳಿಂದ ತಿಂಗಳಿಗೆ ರೂ. 6,000 ಬರುವ ಮನೆಯಲ್ಲಿ ಒಂದನ್ನು ಮಾರಿದರೆ ರೂ. 3,000 ಆದಾಯ ಹೋಯಿತು. ಊರಲ್ಲಿ ಎಲ್ಲರೂ ಮಾರುವ ಕಾಲದಲ್ಲಿ ಒಳ್ಳೆಯ ಬೆಲೆಯೂ ಸಿಗದು. ಸಾಲ ತೀರಿಸಬೇಕಾದ ಕೈಯನ್ನೇ ಕಡಿದುಕೊಂಡಂತೆ.

ಕಂತು ಮುಂದೂಡಿಕೆಯ ಬಗ್ಗೆ ಒಂದು ಎಚ್ಚರಿಕೆ. 2020ರಲ್ಲಿ ರಿಜರ್ವ್ ಬ್ಯಾಂಕು ಮಾರ್ಚ್‌ನಿಂದ ಆಗಸ್ಟ್‌ವರೆಗೆ ಆರು ತಿಂಗಳ ಕಂತುಗಳನ್ನು ಮುಂದೂಡಲು ಅವಕಾಶ ಕೊಟ್ಟಿತು. ಇದನ್ನು ಅನೇಕರು ಮನ್ನಾ ಎಂದು ತಿಳಿದರು. ಕಂತು ನಿಂತರೂ ಬಡ್ಡಿ ನಿಲ್ಲಲಿಲ್ಲ. ಶೇಕಡ 10ರ ಬಡ್ಡಿಯ ಒಂದು ಲಕ್ಷದ ಸಾಲಕ್ಕೆ ಆರು ತಿಂಗಳಲ್ಲಿ ಸುಮಾರು ರೂ. 5,000 ಸೇರಿತು. ಕೈಯಲ್ಲಿ ಹಣವಿದ್ದವರು ಕಟ್ಟುವುದೇ ಮೇಲಾಗಿತ್ತು. ಇಲ್ಲದವರಿಗೆ ಮುಂದೂಡಿಕೆ ಉಪಕಾರವಾಯಿತು.

ಈಗಲೇ ಮಾಡಬೇಕಾದ ಕೆಲಸಗಳು

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ ಆಗಬಾರದು. ಊರಲ್ಲಿ ರೋಗವಿಲ್ಲದ ಈ ದಿನಗಳಲ್ಲಿ ಕೆಳಗಿನ ಕ್ರಮಗಳನ್ನು ಅನುಸರಿಸುವುದು ಒಳ್ಳೆಯದು.

1. ಮೂರು ತಿಂಗಳ ಮನೆಖರ್ಚಿನಷ್ಟು ಹಣವನ್ನು ಗುರಿಯಾಗಿಟ್ಟುಕೊಳ್ಳಿ. ಪ್ರತಿ ಹಾಲಿನ ಬಟವಾಡೆಯಲ್ಲಿ ಮತ್ತು ಪ್ರತಿ ಬೆಳೆ ಮಾರಿದಾಗ ಒಂದು ಪಾಲನ್ನು ಬ್ಯಾಂಕಿನ ಅಥವಾ ಅಂಚೆ ಕಚೇರಿಯ ಬೇರೆ ಖಾತೆಗೆ ಹಾಕಿ. ಈ ಹಣವನ್ನು ಹಬ್ಬಕ್ಕಾಗಲಿ ಮದುವೆಗಾಗಲಿ ಮುಟ್ಟಬಾರದು.

2. ಕುಟುಂಬದ ಪ್ರತಿಯೊಬ್ಬರ ಆರೋಗ್ಯ ಕಾರ್ಡು ಮಾಡಿಸಿ. ಪಡಿತರ ಚೀಟಿಯಲ್ಲಿ ಮತ್ತು ಆಧಾರ್‌ನಲ್ಲಿ ಹೆಸರು ಒಂದೇ ರೀತಿ ಇದೆಯೇ ನೋಡಿಕೊಳ್ಳಿ. ಹೊಸದಾಗಿ ಬಂದ ಸೊಸೆ, ಹುಟ್ಟಿದ ಮಗುವಿನ ಹೆಸರು ಸೇರಿಸಿ.

3. ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲ್ಲೂಕು ಆಸ್ಪತ್ರೆ ಮತ್ತು ಯೋಜನೆಗೆ ಸೇರಿದ ಹತ್ತಿರದ ಆಸ್ಪತ್ರೆಯ ವಿವರ, ಆಶಾ ಕಾರ್ಯಕರ್ತೆ ಹಾಗೂ ಊರಿನ ವಾಹನದವರ ದೂರವಾಣಿ ಸಂಖ್ಯೆಗಳನ್ನು ಗೋಡೆಯ ಮೇಲೆ ಬರೆದಿಡಿ. ತುರ್ತು ವಾಹನಕ್ಕೆ 108.

4. ಪ್ರಧಾನಮಂತ್ರಿ ಜೀವನ ಜ್ಯೋತಿ ಬಿಮಾ ಯೋಜನೆಗೆ 18ರಿಂದ 50 ವರ್ಷದ ಖಾತೆದಾರರು ಸೇರಬಹುದು. 2022ರ ಜೂನ್‌ನಲ್ಲಿ ಪರಿಷ್ಕರಿಸಿದಂತೆ ವರ್ಷದ ಕಂತು ರೂ. 436, ಮರಣ ಪರಿಹಾರ ರೂ. 2 ಲಕ್ಷ. ಮೇ ತಿಂಗಳಲ್ಲಿ ಕಂತು ಕಡಿತವಾಗುವುದರಿಂದ ಖಾತೆಯಲ್ಲಿ ಹಣವಿರಲಿ. ಈ ವಿಮೆ ಇರುವ ಸಂಗತಿ ಮನೆಯವರಿಗೆ ಗೊತ್ತಿಲ್ಲದಿದ್ದರೆ ಹಣ ಕೇಳುವವರೇ ಇರುವುದಿಲ್ಲ. ವಾರಸುದಾರರ ಹೆಸರು ಬರೆಸಿ, ಹೆಂಡತಿಗೆ ತಿಳಿಸಿರಿ.

5. ಪಹಣಿಯಲ್ಲಿ ಬೆಳೆ ಸರಿಯಾಗಿ ನಮೂದಾಗಿದೆಯೇ ಎಂದು ಪ್ರತಿ ಹಂಗಾಮಿನಲ್ಲಿ ಪರಿಶೀಲಿಸಿ. ಪರಿಹಾರ ಘೋಷಣೆಯಾದ ಮೇಲೆ ತಿದ್ದಿಸುವುದು ಕಷ್ಟ.

6. ಇರುವ ಜಮೀನನ್ನೆಲ್ಲ ಬೇಗ ಕೆಡುವ ಒಂದೇ ಬೆಳೆಗೆ ಹಾಕಬೇಡಿ. ಒಂದು ಭಾಗದಲ್ಲಿ ರಾಗಿ, ಜೋಳ, ತೊಗರಿ, ಹುರುಳಿಯಂತಹ ಕೂಡಿಡಬಹುದಾದ ಬೆಳೆ ಇರಲಿ. ಸಾಧ್ಯವಿದ್ದಲ್ಲಿ ಒಂದೆರಡು ಹಸು ಮತ್ತು ಕೈತೋಟ ಇರಲಿ.

7. ದಿನವೂ ಮಾತ್ರೆ ನುಂಗುವವರಿಗೆ ಒಂದು ತಿಂಗಳ ಮಾತ್ರೆ ಮುಂಗಡವಾಗಿ ಇಟ್ಟುಕೊಳ್ಳಿ. ಸರ್ಕಾರಿ ಆಸ್ಪತ್ರೆಗಳಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಉಚಿತವಾಗಿ ಕೊಡಲಾಗುತ್ತದೆ. ಜನೌಷಧಿ ಮಳಿಗೆಗಳಲ್ಲಿ ಕಡಿಮೆ ಬೆಲೆಗೆ ದೊರೆಯುತ್ತವೆ.

8. ಆಸ್ಪತ್ರೆಯ ಪ್ರತಿಯೊಂದು ರಸೀದಿ, ಪರೀಕ್ಷಾ ವರದಿ ಮತ್ತು ಬಿಡುಗಡೆ ಪತ್ರವನ್ನು ಒಂದು ಚೀಲದಲ್ಲಿ ಜೋಪಾನ ಮಾಡಿ. ಕೊರೋನಾದಿಂದ ಮೃತರಾದವರ ಕುಟುಂಬಕ್ಕೆ ರೂ. 50,000 ಪರಿಹಾರವನ್ನು ಸರ್ಕಾರ ಕೊಟ್ಟಾಗ ಕಾಗದವಿಲ್ಲದವರು ಅಲೆಯಬೇಕಾಯಿತು.

ಕೊನೆಯ ಮಾತು

ಮೇಲಿನ ಎಂಟು ಕೆಲಸಗಳಲ್ಲಿ ಮೊದಲನೆಯದನ್ನು ಬಿಟ್ಟರೆ ಉಳಿದವುಗಳಿಗೆ ದೊಡ್ಡ ಹಣ ಬೇಕಿಲ್ಲ. ಒಂದು ಸಂಜೆ ಮನೆಯವರೆಲ್ಲ ಕುಳಿತು ಮಾತಾಡಿದರೆ ಅರ್ಧ ಕೆಲಸ ಮುಗಿಯುತ್ತದೆ. ಉಳಿತಾಯ ಎಷ್ಟಿದೆ, ಕಾರ್ಡು ಎಲ್ಲಿದೆ, ಯಾವ ಆಸ್ಪತ್ರೆಗೆ ಹೋಗಬೇಕು ಎಂಬುದು ಯಜಮಾನನೊಬ್ಬನಿಗೆ ಮಾತ್ರ ಗೊತ್ತಿದ್ದರೆ ಪ್ರಯೋಜನವಿಲ್ಲ. ಮೊದಲು ಹಾಸಿಗೆ ಹಿಡಿಯುವವನು ಅವನೇ ಆಗಬಹುದು. ಮುಂಗಾರು ಆರಂಭವಾಗುವ ಮುನ್ನ ಬೀಜ ಗೊಬ್ಬರ ಹೊಂದಿಸುವಾಗ ಈ ಕಾಗದಪತ್ರಗಳನ್ನೂ ಒಮ್ಮೆ ಹೊರತೆಗೆದು, ಮನೆಯ ಹೆಂಗಸರಿಗೂ ಓದು ಬಲ್ಲ ಮಕ್ಕಳಿಗೂ ತೋರಿಸಿ, ಪುನಃ ಅದೇ ಜಾಗದಲ್ಲಿ ಇಡಿ.